ಮ್ಯೂಟ್ ಮಾಡಿದ್ದೇನಲ್ಲ, ಆದರೂ ಯಾಕೆ ಕೂಗುತ್ತದೆ?

ಧ್ವನಿ ವ್ಯವಸ್ಥೆಯ ಕೆಲಸ ಮಾಡುವ ನನ್ನಂಥವರಿಗೆ ಬರುವ ದೂರುಗಳಲ್ಲಿ ಬಹುಪಾಲು ಒಂದೇ ಧಾಟಿಯವು. "ಒಂದೇ ಕೋಣೆಯಲ್ಲಿ ಕೂತು ಇಬ್ಬರು ಮೀಟಿಂಗ್ ಸೇರಿದ್ದೆವು ಸಾರ್. ಅವರು ಲ್ಯಾಪ್‌ಟಾಪಿನಲ್ಲಿ, ನಾನು ಫೋನಿನಲ್ಲಿ. ಕಿವಿ ಹರಿದುಹೋಗುವ ಹಾಗೆ ಕೂಗಿತು. ನಾನು ಮ್ಯೂಟ್ ಮಾಡಿಯೇ ಕೂತಿದ್ದೆ, ಆದರೂ ನಿಲ್ಲಲಿಲ್ಲ. ಮೈಕ್ ಹಾಳಾಗಿದೆ ಅನಿಸುತ್ತೆ, ಹೊಸದು ಯಾವುದು ತಗೊಳ್ಳಲಿ?"

ಯಾವುದನ್ನೂ ತಗೊಳ್ಳಬೇಡಿ. ಹಾಳಾದ ಮೈಕ್ ಸುಮ್ಮನಾಗುತ್ತದೆ, ಇಲ್ಲವೇ ಗೊರಗೊರ ಎನ್ನುತ್ತದೆ. ಕೂಗುವುದು ಚೆನ್ನಾಗಿ ಕೇಳಿಸಿಕೊಳ್ಳುತ್ತಿರುವ ಮೈಕ್. ಕೇಳಿಸಿಕೊಳ್ಳಬಾರದ್ದನ್ನೂ ಕೇಳಿಸಿಕೊಳ್ಳುತ್ತಿದೆ, ಅಷ್ಟೇ.

ಮೈಕ್ ಕೇಳಿದ್ದನ್ನು ಸ್ಪೀಕರ್ ಹೇಳುತ್ತದೆ, ಸ್ಪೀಕರ್ ಹೇಳಿದ್ದನ್ನು ಮತ್ತೆ ಮೈಕ್ ಕೇಳುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಫೀಡ್‌ಬ್ಯಾಕ್ ಎನ್ನುವ ಈ ವಿದ್ಯಮಾನಕ್ಕೆ ಡೆನ್ಮಾರ್ಕಿನ ಭೌತವಿಜ್ಞಾನಿ ಲಾರ್ಸನ್ ಅವರ ಹೆಸರನ್ನೂ ಇಟ್ಟಿದ್ದಾರೆ. ಅದನ್ನು ಮತ್ತೆ ವಿವರಿಸುವುದಿಲ್ಲ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಇಳಿಯದಿರುವುದು ಬೇರೆ ಒಂದು ಮಾತು: ಮ್ಯೂಟ್ ಗುಂಡಿ ಮೈಕನ್ನು ಮುಚ್ಚುತ್ತದೆ, ಸ್ಪೀಕರನ್ನು ಮುಚ್ಚುವುದಿಲ್ಲ.

ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಲ್ಯಾಪ್‌ಟಾಪಿನ ಮೈಕ್ ತೆರೆದಿದೆ. ಪಕ್ಕದಲ್ಲಿ ಮ್ಯೂಟ್ ಆದ ಫೋನು. ನಿಮ್ಮ ಸಹೋದ್ಯೋಗಿ ಲ್ಯಾಪ್‌ಟಾಪಿನ ಮುಂದೆ "ನಮಸ್ಕಾರ" ಎನ್ನುತ್ತಾರೆ. ಆ ನಮಸ್ಕಾರ ಲ್ಯಾಪ್‌ಟಾಪಿನಿಂದ ಹೊರಟು, ಎಲ್ಲಿಯೋ ಇರುವ ಸರ್ವರಿಗೆ ಹೋಗಿ, ಮೀಟಿಂಗಿನಲ್ಲಿರುವ ಎಲ್ಲರಿಗೂ ಹಂಚಿಕೆಯಾಗುತ್ತದೆ. ಆ ಎಲ್ಲರಲ್ಲಿ ನಿಮ್ಮ ಫೋನೂ ಒಂದು. ಮ್ಯೂಟ್ ಆಗಿದ್ದರೂ ಅದು ಕೇಳುಗನಾಗಿ ಸೇರಿದೆಯಲ್ಲ? ಹಾಗಾಗಿ ಅರೆಗಳಿಗೆ ತಡವಾಗಿ ಫೋನಿನ ಸ್ಪೀಕರ್ "ನಮಸ್ಕಾರ" ಎನ್ನುತ್ತದೆ. ಮೊಳದೂರದಲ್ಲಿರುವ ಲ್ಯಾಪ್‌ಟಾಪಿನ ಮೈಕ್ ಅದನ್ನು ಹೊಸ ಮಾತೆಂದೇ ತಿಳಿದು ಮತ್ತೆ ಸರ್ವರಿಗೆ ಕಳಿಸುತ್ತದೆ. ಫೋನ್ ಮತ್ತೆ ನುಡಿಯುತ್ತದೆ. ಈ ಸುತ್ತಿನಲ್ಲಿ ನಿಮ್ಮ ಫೋನಿನ ಮೈಕಿಗೆ ಯಾವ ಪಾತ್ರವೂ ಇಲ್ಲ. ನೀವು ಮುಚ್ಚಿದ್ದು ಸುತ್ತಿನ ಹೊರಗಿದ್ದ ಬಾಗಿಲನ್ನು.

ಇಲ್ಲಿಗೆ ಬಂದಾಗ ಚುರುಕಾದ ಒಬ್ಬರಾದರೂ ಕೇಳುತ್ತಾರೆ: ಲ್ಯಾಪ್‌ಟಾಪಿನ ಸ್ಪೀಕರ್ ಅದರದೇ ಮೈಕಿನಿಂದ ಗೇಣುದೂರದಲ್ಲಿದೆ, ಅದು ಯಾಕೆ ಕೂಗುವುದಿಲ್ಲ? ಒಳ್ಳೆಯ ಪ್ರಶ್ನೆ. ಪ್ರತಿ ಫೋನು, ಪ್ರತಿ ಲ್ಯಾಪ್‌ಟಾಪಿನಲ್ಲೂ ಪ್ರತಿಧ್ವನಿ ಅಳಿಸುವ ಒಂದು ತಂತ್ರಾಂಶ ದುಡಿಯುತ್ತಿರುತ್ತದೆ. ತನ್ನ ಸ್ಪೀಕರಿಗೆ ಏನು ಕಳಿಸಿದೆ ಎಂಬುದು ಅದಕ್ಕೆ ಗೊತ್ತು. ಅದು ಕೋಣೆಯಲ್ಲಿ ಸುತ್ತಾಡಿ ಮೈಕಿಗೆ ಹೇಗೆ ಬಂದು ತಲುಪಬಹುದು ಎಂದು ಅಂದಾಜು ಹಾಕಿ, ಮೈಕ್ ಹಿಡಿದದ್ದರಿಂದ ಅಷ್ಟನ್ನೂ ಕಳೆದುಬಿಡುತ್ತದೆ. ಆದರೆ ಪಕ್ಕದ ಫೋನ್ ಏನು ನುಡಿಯುತ್ತಿದೆ ಎಂಬುದು ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ನಿಮ್ಮ ಸಹೋದ್ಯೋಗಿಯ ಮಾತನ್ನು ಲ್ಯಾಪ್‌ಟಾಪ್ ತನ್ನ ಸ್ಪೀಕರಿಗೆ ಕಳಿಸಿಯೇ ಇಲ್ಲ, ಕಳೆಯುವುದೇನನ್ನು? ಎಷ್ಟು ದುಬಾರಿ ಸಾಧನವಾದರೂ ತನ್ನ ಸದ್ದನ್ನು ಮಾತ್ರ ಗುರುತು ಹಿಡಿಯಬಲ್ಲದು, ನೆರೆಯವನದನ್ನಲ್ಲ. ಇತ್ತೀಚಿನ ಕೆಲವು ಆ್ಯಪ್‌ಗಳು ಇದನ್ನು ಸ್ವಲ್ಪಮಟ್ಟಿಗೆ ಪತ್ತೆ ಹಚ್ಚುತ್ತವೆ. ಅದನ್ನು ನಂಬಿ ಕೂರಬೇಡಿ ಎಂದಷ್ಟೇ ಹೇಳುತ್ತೇನೆ.

ಆದ್ದರಿಂದ ಒಂದು ಕೋಣೆಗೆ ಒಂದೇ ಸಾಧನದ ಧ್ವನಿ. ಮೈಕ್, ಸ್ಪೀಕರ್ ಎರಡೂ ಅದರದೇ ಇರಲಿ. ಉಳಿದ ಸಾಧನಗಳು ಚಿತ್ರಕ್ಕೋ ಚಾಟಿಗೋ ಸೇರಬೇಕಿದ್ದರೆ ಆಡಿಯೋ ಇಲ್ಲದೆಯೇ ಸೇರಲಿ. ಫೋನಿನ ವಾಲ್ಯೂಮ್ ಗುಂಡಿ ಒತ್ತಿ ಪೂರ್ತಿ ಇಳಿಸಿದ್ದೇನೆ ಎನ್ನುವವರಿದ್ದಾರೆ. ಹಲವು ಫೋನುಗಳಲ್ಲಿ ಕರೆಯ ವಾಲ್ಯೂಮ್ ಸೊನ್ನೆಗೆ ಇಳಿಯುವುದೇ ಇಲ್ಲ, ಒಂದು ಗೆರೆ ಉಳಿದೇ ಉಳಿಯುತ್ತದೆ. ಎಲ್ಲರೂ ಹೆಡ್‌ಫೋನ್ ಹಾಕಿಕೊಂಡರೂ ಸರಿ. ಪಕ್ಕದಲ್ಲಿ ಕೂತವರ ಮಾತು ಎರಡೆರಡು ಸಲ ಕೇಳಿ ಕಿರಿಕಿರಿಯಾಗುತ್ತದೆ, ಆದರೆ ಕೂಗುವುದಿಲ್ಲ.

ಇನ್ನೊಂದು ಗೊಂದಲ. ಮೀಟಿಂಗಿನಲ್ಲಿ ಒಬ್ಬರಿಗೆ ತಮ್ಮದೇ ಮಾತು ತಿರುಗಿ ಕೇಳಿಸಿದರೆ ಪಾಪ, ಅವರೇ ಗಾಬರಿಯಾಗಿ ತಮ್ಮ ಸೆಟ್ಟಿಂಗ್ ತಡಕಾಡತೊಡಗುತ್ತಾರೆ. "ಕ್ಷಮಿಸಿ, ನನ್ನ ಕಡೆ ಏನೋ ಎಕೋ ಬರುತ್ತಿದೆ" ಎನ್ನುತ್ತಾರೆ. ನಿಮ್ಮ ಮಾತು ನಿಮಗೆ ತಿರುಗಿ ಬಂತೆಂದರೆ ದೋಷ ಹೆಚ್ಚುಕಡಿಮೆ ಯಾವಾಗಲೂ ಆಚೆ ತುದಿಯಲ್ಲಿರುತ್ತದೆ. ಅಲ್ಲಿ ಯಾರದೋ ಸ್ಪೀಕರಿನಿಂದ ಹೊರಬಿದ್ದ ನಿಮ್ಮ ದನಿ ಅವರ ಮೈಕಿಗೆ ಬಿದ್ದು ವಾಪಸು ಬಂದಿದೆ. ತಪ್ಪಿತಸ್ಥರಿಗೆ ಮಾತ್ರ ಎಲ್ಲವೂ ಸೊಗಸಾಗಿ ಕೇಳಿಸುತ್ತಿರುತ್ತದೆ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿಸುತ್ತಾ ಹೋಗಿ, ಯಾರು ಮ್ಯೂಟ್ ಆದಾಗ ಎಕೋ ನಿಂತಿತೋ ಅವರ ಕೋಣೆಯನ್ನು ವಿಚಾರಿಸಿ.

ಫೋನಿನ ಕೂಗಿಗೂ ಸಭಾಂಗಣದ ಕೂಗಿಗೂ ವೇಗದಲ್ಲಿ ಬಹಳ ವ್ಯತ್ಯಾಸ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಪೀಕರ್ ಮೈಕಿನಿಂದ ಮೂರೂವರೆ ಮೀಟರ್ ದೂರದಲ್ಲಿದ್ದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ನೂರು ಸುತ್ತು. ಪ್ರತಿ ಸುತ್ತಿನಲ್ಲಿ ಸದ್ದು ಒಂದೇ ಒಂದು ಡೆಸಿಬೆಲ್ ಬೆಳೆದರೂ ಒಂದು ಸೆಕೆಂಡಿಗೆ ನೂರು ಡೆಸಿಬೆಲ್ ಲೆಕ್ಕ. ಚಕ್ರಬಡ್ಡಿಯ ಹಾಗೆ. ಆಂಪ್ಲಿಫೈಯರ್ ಅಷ್ಟು ಕೊಡಲಾರದೆ ಎಲ್ಲೋ ಸೋತು ನಿಲ್ಲುತ್ತದೆ, ಆದರೆ ಸಭಿಕರು ಕಿವಿ ಮುಚ್ಚಿಕೊಳ್ಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಇಂಟರ್ನೆಟ್ ಕರೆಯಲ್ಲಿ ಒಂದು ಸುತ್ತಿಗೆ 200 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಐದೇ ಸುತ್ತು. ಅದಕ್ಕೇ ಅಲ್ಲಿ ಮೊದಲು "ಹಲೋ… ಹಲೋ… ಹಲೋ…" ಎಂದು ಮಾತೇ ಮರುಕಳಿಸುತ್ತದೆ, ನಿಧಾನವಾಗಿ ಅಕ್ಷರಗಳು ಕರಗಿ ಬರೀ ಊಳಾಗುತ್ತದೆ. ಆ ಮೊದಲ ಎರಡು ಹಲೋಗಳೇ ಮುನ್ಸೂಚನೆ. ಅಷ್ಟರಲ್ಲಿ ಎಚ್ಚೆತ್ತುಕೊಳ್ಳಬಹುದು. ಯಾರೂ ಎಚ್ಚೆತ್ತುಕೊಳ್ಳುವುದಿಲ್ಲ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಎರಡೂ ಬಗೆಯನ್ನು ಒಂದೇ ಕಡೆ ಕಲೆಹಾಕುವ ಸಾಹಸವೊಂದಿದೆ. ಕಾರ್ಯಕ್ರಮಕ್ಕೆ ಬರಲಾಗದ ಅತಿಥಿ ಫೋನಿನಲ್ಲಿ ಮಾತಾಡುತ್ತಾರೆ. ಸಂಘಟಕರು ಫೋನನ್ನು ಸ್ಪೀಕರಿಗೆ ಹಾಕಿ ವೇದಿಕೆಯ ಮೈಕಿಗೆ ಹಿಡಿಯುತ್ತಾರೆ. ಹೀಗೆ ಮಾತಾಡಿದ ಹಿರಿಯ ವಿದ್ವಾಂಸರೊಬ್ಬರು ನನಗಿನ್ನೂ ನೆನಪಿದ್ದಾರೆ. ತಾಸುಗಟ್ಟಲೆ ಟಿಪ್ಪಣಿಯಿಲ್ಲದೆ ಮಾತಾಡಬಲ್ಲವರು, ಎರಡನೇ ವಾಕ್ಯಕ್ಕೇ ತಡವರಿಸತೊಡಗಿದರು. ಮೂರನೆಯದಕ್ಕೆ ಪೂರ್ತಿ ನಿಂತು, "ಯಾರೋ ನನ್ನ ಹಿಂದಿನಿಂದಲೇ ಹೇಳಿಕೊಡ್ತಾ ಇದ್ದಾರಪ್ಪ, ಅವರನ್ನು ಸ್ವಲ್ಪ ಸುಮ್ಮನಿರೋಕೆ ಹೇಳಿ" ಎಂದರು. ಸಭೆ ನಕ್ಕಿತು. ಆ ನಗುವೂ ಫೋನಿಗೆ ಹೋಗಿ ತಿರುಗಿ ಬಂತು.

ಹೇಳಿಕೊಡುತ್ತಿದ್ದವರು ಅವರೇ. ಅವರ ದನಿ ಸಭಾಂಗಣದ ದೊಡ್ಡ ಸ್ಪೀಕರುಗಳಿಂದ ಹೊರಟು, ಗೋಡೆಗಳಿಗೆ ಬಡಿದು, ಫೋನಿನ ಮೈಕಿಗೆ ಬಿದ್ದು ಅವರ ಕಿವಿಗೇ ಮರಳುತ್ತಿತ್ತು. ಫೋನಿನ ಎಕೋ ಅಳಿಸುವ ಲೆಕ್ಕಾಚಾರ ಅಂಗೈಯಗಲದ ತನ್ನ ಸ್ಪೀಕರಿಗಾಗಿ ಮಾಡಿದ್ದು, ಸಭಾಂಗಣಕ್ಕಾಗಿ ಅಲ್ಲ. ತನ್ನ ಮಾತೇ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಎಂಥ ವಾಗ್ಮಿಯೂ ತೊದಲುತ್ತಾನೆ. ಅದು ವಯಸ್ಸಿನ ತಪ್ಪಲ್ಲ, ನೆಟ್‌ವರ್ಕಿನ ತಪ್ಪೂ ಅಲ್ಲ.

ಮಾಡಬೇಕಾದ್ದು ಇಷ್ಟು: ಫೋನನ್ನು ಅಥವಾ ಲ್ಯಾಪ್‌ಟಾಪನ್ನು ವೈರಿನ ಮೂಲಕ ಮಿಕ್ಸರಿಗೆ, ಅಂದರೆ ಎಲ್ಲ ಮೈಕುಗಳ ಧ್ವನಿ ಬಂದು ಸೇರುವ ಪೆಟ್ಟಿಗೆಗೆ, ಸೇರಿಸಿ. ಮಿಕ್ಸರಿನಿಂದ ಅದಕ್ಕೆ ತಿರುಗಿ ಕಳಿಸುವ ಧ್ವನಿಯಲ್ಲಿ ವೇದಿಕೆಯ ಮೈಕುಗಳೆಲ್ಲ ಇರಲಿ, ಆ ಫೋನಿನದು ಮಾತ್ರ ಬೇಡ. ನಮ್ಮಲ್ಲಿ ಇದಕ್ಕೆ ಮಿಕ್ಸ್-ಮೈನಸ್ ಎನ್ನುತ್ತಾರೆ. ಮಿಕ್ಸರಿನಲ್ಲಿ ಹೀಗೆ ತಿರುಗಿ ಕಳಿಸುವ ಧ್ವನಿಯನ್ನು ಹೊಂದಿಸುವ ಆಕ್ಸ್ ಸಾಲಿನಲ್ಲಿ ಒಂದು ಗುಂಡಿಯನ್ನು ಸೊನ್ನೆಗೆ ಇಳಿಸುವಷ್ಟೇ ಕೆಲಸ. ಅತಿಥಿ ಮಾತಾಡುವಾಗ ವೇದಿಕೆಯ ಮೈಕುಗಳನ್ನು ತಗ್ಗಿಸಿಡುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಸಭಾಂಗಣದಲ್ಲಿ ಮೊಳಗುವ ಅವರ ದನಿ ಆ ಮೈಕುಗಳ ದಾರಿ ಹಿಡಿದು ಮರಳುತ್ತದೆ. ಇದಕ್ಕೆ ಬೇಕಾದ ವೈರು ಆಯಾ ಫೋನಿಗೆ ತಕ್ಕಂತೆ ಬೇರೆ ಬೇರೆ. ಕಾರ್ಯಕ್ರಮದ ಬೆಳಿಗ್ಗೆ ಹುಡುಕಿದರೆ ಸಿಗುವುದಿಲ್ಲ.

ಫೋನನ್ನು ಆಂಪ್ಲಿಫೈಯರ್ ಪಕ್ಕ ಇಟ್ಟಾಗ ಬರುವ "ಟಿರ್-ಟಿರ್-ಟಿರ್" ಸದ್ದು ಈ ಸುತ್ತಿನದಲ್ಲ. ಅದು ಜಿಎಸ್‌ಎಂ (2ಜಿ) ಫೋನ್ ಸೆಕೆಂಡಿಗೆ ಸುಮಾರು 217 ಸಲ ರೇಡಿಯೋ ಮಿಡಿತ ಕಳಿಸುವುದನ್ನು ವೈರುಗಳು ಹೀರಿಕೊಂಡದ್ದು. ಫೋನನ್ನು ಒಂದೆರಡು ಅಡಿ ಆಚೆ ಇಟ್ಟರೆ ಸಾಮಾನ್ಯವಾಗಿ ಸಾಕು. ಹಿರಿಯರ ಶ್ರವಣ ಸಾಧನ ಕಿವಿಯ ಬಳಿ ಫೋನ್ ಹಿಡಿದಾಗ ಸಿಳ್ಳೆ ಹಾಕುವುದು ಮಾತ್ರ ಈ ಸುತ್ತೇ, ಬೆರಳಗಲದ ಸುತ್ತು. ಸಾಧನ ಕೆಟ್ಟಿದೆ ಎಂದು ಡಬ್ಬಿಗೆ ಹಾಕಿಡುವ ಮೊದಲು ಕಿವಿಯಚ್ಚು ಸಡಿಲವಾಗಿದೆಯೇ, ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಎಂದು ಆಡಿಯಾಲಜಿಸ್ಟರಿಂದ ನೋಡಿಸಿ. ಅದು ನನ್ನ ವಿಷಯವಲ್ಲ, ಅವರದು.

ಇನ್ನು ವೇದಿಕೆ. ಮೈಕ್ ಕೂಗಿದ ತಕ್ಷಣ ಭಾಷಣಕಾರರು ಮಾಡುವುದು ಎರಡೇ ಕೆಲಸ: ಬೆಚ್ಚಿ ಹಿಂದೆ ಸರಿಯುತ್ತಾರೆ, ಇಲ್ಲವೇ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚುತ್ತಾರೆ. ಎರಡೂ ತಪ್ಪು. ಕೂಗಿದ್ದು ನಿಮ್ಮ ಗಟ್ಟಿ ದನಿಗಲ್ಲ. ಯಾರೂ ಮಾತಾಡದಿದ್ದರೂ ಅದು ಕೂಗುತ್ತದೆ. ನೀವು ದೂರ ಸರಿದರೆ ನಿಮ್ಮ ದನಿ ಮೈಕಿಗೆ ಸಣ್ಣದಾಗುತ್ತದೆ, ಸ್ಪೀಕರಿನ ಸದ್ದು ಹಾಗೇ ಉಳಿಯುತ್ತದೆ. ಹಿಂದಿನ ಸಾಲಿನವರು "ಕೇಳಿಸ್ತಿಲ್ಲ" ಎನ್ನುತ್ತಾರೆ, ನಾನು ಫೇಡರ್ ಏರಿಸಬೇಕು, ಏರಿಸಿದರೆ ಮತ್ತೆ ಕೂಗುತ್ತದೆ. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ನಷ್ಟ. ಬಾಯಿಂದ 5 ಸೆಂಟಿಮೀಟರಿನಲ್ಲಿದ್ದ ಮೈಕನ್ನು 20ಕ್ಕೆ ಒಯ್ದರೆ 12 ಡೆಸಿಬೆಲ್ ಹೋಯಿತು. ಅಷ್ಟನ್ನು ಯಾವ ಯಂತ್ರವೂ ತುಂಬಿಕೊಡುವುದಿಲ್ಲ.

ಮುಚ್ಚುವುದು ಇನ್ನೂ ಕೆಟ್ಟದು. ವೇದಿಕೆಯ ಮೈಕ್ ಹಿಂದಿನಿಂದ ಬರುವ ಸದ್ದನ್ನು ಕೇಳದಿರುವುದು ಅದರ ತಲೆಯ ಹಿಂಬದಿಯಲ್ಲಿರುವ ಸಣ್ಣ ಸೀಳುಗಳ ಕೃಪೆ. ಹಿಂದಿನ ಸದ್ದು ಆ ಸೀಳುಗಳಿಂದಲೂ ಒಳಬಂದು, ಸುತ್ತಿಕೊಂಡು ಮುಂಬದಿಗೆ ತಲುಪಿದ ತನ್ನನ್ನೇ ರದ್ದು ಮಾಡುತ್ತದೆ. ಅಂಗೈ ಆ ಸೀಳುಗಳನ್ನು ಮುಚ್ಚಿತೆಂದರೆ ಮೈಕ್ ಎಲ್ಲ ದಿಕ್ಕಿಗೂ ಕಿವಿ ತೆರೆಯುತ್ತದೆ. ಜಾಲರಿಯನ್ನೇ ಹಿಡಿದು ಹಾಡುವ ಯುವಕರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಚೆನ್ನಾಗಿ ಕಾಣಿಸುತ್ತೆ ಅಂತೆ.

ವೇದಿಕೆಯ ಮೇಲೆ ಎಂಟು ಮೈಕ್ ಇಟ್ಟು ಎಂಟನ್ನೂ ತೆರೆದಿಡುವ ಸಂಘಟಕರಿಗೂ ಒಂದು ಮಾತು. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗದೆ ಉಳಿಯುವ ಅಂತರ ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ಎಂಟಕ್ಕೆ 9. ಮಾತಾಡದವರ ಮುಂದಿನ ಮೈಕನ್ನು ನಾನು ಇಳಿಸಿಟ್ಟರೆ ಅದು ಅವಮಾನವಲ್ಲ. "ಫೀಡ್‌ಬ್ಯಾಕ್ ಬರದ ಹಾಗೆ ಒಂದು ಪೆಟ್ಟಿಗೆ ಇದೆಯಂತಲ್ಲ?" ಎಂದೂ ಕೇಳುತ್ತಾರೆ. ಇದೆ. ಕೂಗುವ ಆವರ್ತನವನ್ನು ಹುಡುಕಿ ಅಷ್ಟನ್ನೇ ತೆಳ್ಳಗೆ ಕತ್ತರಿಸುತ್ತದೆ. ಬೆಲ್ ಪ್ರಯೋಗಾಲಯದ ಮಾನ್‌ಫ್ರೆಡ್ ಶ್ರೋಡರ್ 1960ರ ದಶಕದಲ್ಲಿಯೇ ಇನ್ನೊಂದು ದಾರಿ ತೋರಿಸಿದ್ದರು: ಸದ್ದನ್ನು ಪ್ರತಿ ಸುತ್ತಿಗೂ ನಾಲ್ಕೈದು ಹರ್ಟ್ಸ್ ಪಕ್ಕಕ್ಕೆ ಸರಿಸಿದರೆ ಅದು ತನ್ನ ಮೇಲೆ ತಾನೇ ಕೂಡಿಕೊಳ್ಳುವುದು ಕಷ್ಟ. ಮಾತಿಗೆ ಇದು ನಡೆಯುತ್ತದೆ, ಸಂಗೀತಕ್ಕೆ ಶ್ರುತಿ ಕೆಡುತ್ತದೆ. ಯಾವುದೇ ಆದರೂ ಕೆಲವೇ ಡೆಸಿಬೆಲ್ ಉಸಿರಾಡುವ ಜಾಗ ಕೊಡುತ್ತದೆ. ಕೆಲವು ಸಭಾಂಗಣಗಳಲ್ಲಿ ಅಷ್ಟೇ ಸಾಕಾಗುತ್ತದೆ, ಕೆಲವದರಲ್ಲಿ ಇಲ್ಲ. ಜಾಗ ನೋಡದೆ ನಾನು ಮಾತು ಕೊಡುವುದಿಲ್ಲ. ಸ್ಪೀಕರುಗಳನ್ನು ಭಾಷಣಕಾರರ ಬೆನ್ನ ಹಿಂದಿಟ್ಟುಕೊಂಡು ಪೆಟ್ಟಿಗೆ ಕೊಳ್ಳುವುದಕ್ಕಿಂತ ಅವನ್ನು ಎರಡು ಹೆಜ್ಜೆ ಮುಂದೆ, ಸಭಿಕರ ಕಡೆಗೆ ಸರಿಸುವುದು ಅಗ್ಗ.

ಎಲ್ಲ ಸರಿಯಿದ್ದೂ ಸಭಾಂಗಣದಲ್ಲಿ ವಿಚಿತ್ರ ಪ್ರತಿಧ್ವನಿ ಬರುವುದುಂಟು. ಭಾಷಣಕಾರರು ಮುಂದಿನ ವಿಷಯಕ್ಕೆ ಹೋದ ಮೇಲೆ ಹಿಂದಿನ ವಾಕ್ಯ ಎಲ್ಲಿಂದಲೋ ಸಣ್ಣಗೆ ಕೇಳಿಸುತ್ತದೆ. ವೈರು, ಮಿಕ್ಸರ್, ಸರ್ವರ್ ಏನು ತಡಕಿದರೂ ಸಿಗುವುದಿಲ್ಲ. ಆಗ ಮೊದಲ ಸಾಲನ್ನು ನೋಡಿ. ಭಾಷಣಕಾರರ ಹತ್ತಿರದವರೊಬ್ಬರು ಕಾರ್ಯಕ್ರಮದ ನೇರ ಪ್ರಸಾರವನ್ನು ತಮ್ಮ ಫೋನಿನಲ್ಲಿ ಪೂರ್ತಿ ವಾಲ್ಯೂಮ್ ಇಟ್ಟು ನೋಡುತ್ತಿರುತ್ತಾರೆ. ನೇರ ಪ್ರಸಾರ ಹಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷವೇ ತಡ; ಕೂಗುವಷ್ಟು ಬೇಗ ಸುತ್ತು ಮುಗಿಯುವುದಿಲ್ಲ, ಮಾತಿನ ಚೂರುಗಳು ಮಾತ್ರ ತೇಲಿಬರುತ್ತವೆ. ಅವರಿಗೆ ಮೈಕಿನಲ್ಲಿ ಹೇಳಬೇಡಿ, ಮುಜುಗರವಾಗುತ್ತದೆ. ಹತ್ತಿರ ಹೋಗಿ ಒಂದು ಇಯರ್‌ಫೋನ್ ಕೊಡಿ. ನನ್ನ ಚೀಲದಲ್ಲಿ ಅದಕ್ಕೆಂದೇ ಒಂದು ಇರುತ್ತದೆ.