ನಂದಿಯ ಮಂಜಿಗೆ ಬಿಳಿ ಬಣ್ಣ ಯಾಕೆ ಬೇಡ?

ನಂದಿಬೆಟ್ಟದ ಮಂಜನ್ನು ಜಲವರ್ಣದಲ್ಲಿ ಬರೆಯಲು ಕೂತ ಚಿಕ್ಕಬಳ್ಳಾಪುರದ ಹುಡುಗರಿಗೆ ಡ್ರಾಯಿಂಗ್ ಮೇಷ್ಟ್ರು ಹೇಳುವುದು ಒಂದೇ: ಬಿಳಿ ಟ್ಯೂಬ್ ಮುಟ್ಟಬೇಡಿ, ಪೇಪರ್ ಖಾಲಿ ಬಿಡಿ. ಕಾರಣ ಸರಳ. ಬೆಳಕು ತೆಳುವಾದ ಬಣ್ಣ ದಾಟಿ, ಕಾಗದಕ್ಕೆ ತಾಗಿ ವಾಪಸ್ ಬರಬೇಕು. ಬಿಳಿ ಬೆರೆಸಿದರೆ ಬೆಳಕು ಮೇಲೆಯೇ ತಡೆದು ನಿಲ್ಲುತ್ತದೆ. ಹೊಳಪು ಹೋಯಿತು.

ನಮ್ಮ ಹಳೆಯ ಚಿತ್ರಕಾರರಿಗೆ ಈ ಕಟ್ಟುಪಾಡು ಇರಲಿಲ್ಲ. ಮೈಸೂರು ಶೈಲಿಯಲ್ಲೂ ಜಲವರ್ಣದ ಹಾಗೆ ಬಣ್ಣವನ್ನು ಗೋಂದಿನಲ್ಲಿಯೇ ಕಲಸುತ್ತಿದ್ದರು, ಆದರೆ ಹಚ್ಚುತ್ತಿದ್ದದ್ದು ದಪ್ಪವಾಗಿ. ವಾಶ್, ಅಂದರೆ ನೀರು ಬೆರೆಸಿ ತೆಳುವಾಗಿ ಹರಡುವ ಬಣ್ಣ, ಈ ಕಡೆಗೆ ಬಂದದ್ದು ಬ್ರಿಟಿಷ್ ಸೇನೆಯ ಜೊತೆ. ಇಂಗ್ಲೆಂಡಿನ ವುಲಿಚ್ ಸೇನಾ ಅಕಾಡೆಮಿಯಲ್ಲಿ 1768ರಿಂದ ಪಾಲ್ ಸ್ಯಾಂಡ್ಬಿ ಚಿತ್ರ ಕಲಿಸುತ್ತಿದ್ದರು. ಕೋಟೆ, ಗುಡ್ಡ, ಹಾದಿ ಬೇಗ ಗುರುತು ಹಾಕಿಕೊಳ್ಳಲು ಪೆನ್ಸಿಲ್ ಗೆರೆ, ಮೇಲೊಂದು ತೆಳು ಬಣ್ಣ ಸಾಕಿತ್ತು. 1791ರ ಅಕ್ಟೋಬರ್‌ನಲ್ಲಿ ಟಿಪ್ಪು ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆ ನಂದಿಬೆಟ್ಟದ ಕೋಟೆ ನಂದಿದುರ್ಗ ಹಿಡಿಯಿತು. ಆ ಯುದ್ಧದಲ್ಲಿ ಸೇನೆಯ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರರೂ ಇದ್ದರು. ನಮ್ಮ ಬೆಟ್ಟಗಳ ಚೆಂದ ನೋಡಲು ಬಂದವರಲ್ಲ, ಅಲ್ವಾ?

ಬಿಳಿಯ ಜಗಳ ಜೋರಾದದ್ದು ಆಮೇಲೆ. ಹಳೆಯ ಸೀಸದ ಬಿಳಿ ಗಾಳಿಗೆ ಕಪ್ಪಾಗುತ್ತಿತ್ತು. 1834ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಸತುವಿನ ‘ಚೈನೀಸ್ ವೈಟ್’ ಮಾರಿತು. ಅದು ಕಪ್ಪಾಗಲಿಲ್ಲ. ಇನ್ನು ಬಿಳಿ ಹಚ್ಚದಿರಲು ನೆಪವೇ ಉಳಿಯಲಿಲ್ಲ. ಹಚ್ಚುವುದು ಮೋಸ ಎನ್ನುವವರು ಒಂದು ಕಡೆ, ಏನೀಗ ಎನ್ನುವವರು ಇನ್ನೊಂದು ಕಡೆ. ಇಂಗ್ಲೆಂಡಿನ ಹೆಸರಾಂತ ಚಿತ್ರಕಾರ ಟರ್ನರ್ ಅಂಥವರೇ ನೀಲಿ ಕಾಗದದ ಮೇಲೆ ಬಿಳಿ ಬೆರೆಸಿದ ದಪ್ಪ ಬಣ್ಣ ಹಚ್ಚಿದ್ದರು! ನನ್ನನ್ನು ಕೇಳಿದರೆ, ಇದು ಅರ್ಧ ವಿಜ್ಞಾನ, ಅರ್ಧ ಹಟ.

ಕನ್ನಡನಾಡಿಗೆ ಇನ್ನೊಂದು ದಾರಿಯೂ ಇತ್ತು. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ ಕಲ್ಕತ್ತದಲ್ಲಿ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ಅವನೀಂದ್ರನಾಥರು ಜಪಾನಿ ಕಲಾವಿದರಿಂದ ವಾಶ್ ಕಲಿತವರು. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಿದರೆ ಮಂಜಿಗೆ ಎಷ್ಟು ಕಡಿಮೆ ಬಣ್ಣ ಸಾಕು ಅಂತ ಗೊತ್ತಾಗುತ್ತದೆ.

ಈಗಲೂ ಜಲವರ್ಣವೆಲ್ಲ ‘ಪಾರದರ್ಶಕ’ ಎನ್ನುವುದು ಪೂರ್ತಿ ನಿಜವಲ್ಲ. ಅನೇಕ ಟ್ಯೂಬ್‌ಗಳ ಮೇಲೆ ಸಣ್ಣ ಚೌಕ ಇರುತ್ತದೆ. ಖಾಲಿ ಇದ್ದರೆ ಪಾರದರ್ಶಕ, ತುಂಬಿದ್ದರೆ ಅಲ್ಲ. ಕ್ಯಾಡ್ಮಿಯಂ ಕೆಂಪು ಸಾಮಾನ್ಯವಾಗಿ ಎರಡನೆಯ ಗುಂಪು. ನೀರು ಜಾಸ್ತಿ ಹಾಕಿ ಅದನ್ನೂ ತೆಳು ಮಾಡಿಕೊಳ್ಳುತ್ತಾರೆ. ನಂದಿಯ ಬಂಡೆಗೆ ಅಲ್ಟ್ರಾಮರೀನ್ ನೀಲಿ, ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿ ನೋಡಿ. ಒರಟು ಕಾಗದದ ಗುಳಿಗಳಲ್ಲಿ ನೀಲಿಯ ಕಣ ಕೂತು ಕಲ್ಲೇ ಮೂಡುತ್ತದೆ. ಮಂಜಿಗೆ ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ, ಅಂದರೆ ವೆಟ್ ಆನ್ ವೆಟ್. ಪದರದ ಮೇಲೆ ಪದರ ಹಾಕುವ ಗ್ಲೇಜಿಂಗ್‌ಗೆ ಮಾತ್ರ ಕೆಳಗಿನದು ಪೂರ್ತಿ ಒಣಗಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಊರೊಳಗೆ ಬೇಗ ಒಣಗುತ್ತದೆ. ಮಳೆಗಾಲದ ಬೆಳಗ್ಗೆ ಬೆಟ್ಟದ ಮೇಲೆ ಒಣಗುವುದೇ ಇಲ್ಲ. ಅಲ್ಲಿ ಕೂತು ಗ್ಲೇಜಿಂಗ್ ಮಾಡಲು ಹೋದರೆ ಬಣ್ಣ ಕೆಸರಾಗುತ್ತದೆ. ಮೊದಲ ವಾಶ್ ಮುಗಿಸಿ ಕೆಳಗೆ ಬಂದು, ಉಳಿದದ್ದನ್ನು ಮನೆಯಲ್ಲಿ ಮಾಡುವುದು ಮೇಲು.