ಸೇವೆ ಕೊಳ್ಳುವ ಟೆಂಡರ್: ಪೌರಕಾರ್ಮಿಕರ ಗುತ್ತಿಗೆ ನಡೆದು ಬಂದ ದಾರಿ

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಬೆಳಗಿನ ಆರೂವರೆಗೆ ಇಬ್ಬರು ಕೆಲಸದಲ್ಲಿರುತ್ತಾರೆ. ಒಬ್ಬರು ಉದ್ದ ಹಿಡಿಯ ಪೊರಕೆಯಿಂದ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆ. ಇನ್ನೊಬ್ಬರು ಮನೆ ಮನೆಯಿಂದ ಹಸಿ ಕಸ, ಒಣ ಕಸ ಪಡೆದು ಆಟೊ ಟಿಪ್ಪರ್‌ಗೆ ಸುರಿಯುವ ಸಹಾಯಕ. ಇಬ್ಬರ ಕೆಲಸವೂ ನಗರಾಡಳಿತದ್ದೇ, ಇಬ್ಬರ ಮುಂದಿರುವ ಕಸವೂ ಒಂದೇ. ಆದರೆ 2025ರ ಮೇ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ವಿತರಿಸಿದಾಗ, ಪತ್ರ ಪಡೆದವರಲ್ಲಿ ಗುಡಿಸುವವರಿದ್ದರು, ಆಟೊ ಚಾಲಕರೂ ಸಹಾಯಕರೂ ಇರಲಿಲ್ಲ. ಈ ಗೆರೆ ಬಿದ್ದದ್ದು ಹೇಗೆಂದು ತಿಳಿಯಬೇಕಾದರೆ, ಸರ್ಕಾರಿ ಸಂಸ್ಥೆಗಳು ಹೊರಗಿನವರಿಂದ ಸೇವೆ ಕೊಳ್ಳಲು ಆರಂಭಿಸಿದ ಇತಿಹಾಸವನ್ನು ಕೆದಕಬೇಕು.

ವಿವಾದ ಇಂದು ನಿನ್ನೆಯದಲ್ಲ. ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪನಿಯ ಮುಂಬೈನ ತೈಲ ಸಂಸ್ಕರಣಾಗಾರದಲ್ಲಿ ಶುಚಿಗೊಳಿಸುವ ಕೆಲಸ ಗುತ್ತಿಗೆದಾರರ ಮೂಲಕ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ಎಂದು ಕಂಪನಿಯ ಕಾಯಂ ಕಾರ್ಮಿಕರೇ ತಗಾದೆ ತೆಗೆದರು. 1960ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ವರ್ಷವಿಡೀ ನಡೆಯುವ, ಸಂಸ್ಥೆಗೆ ಅತ್ಯಗತ್ಯವಾದ, ಪೂರ್ಣಾವಧಿ ಜನ ಬೇಕಾದ ಕೆಲಸಕ್ಕೆ ಗುತ್ತಿಗೆ ಸಲ್ಲದು ಎಂಬುದು ಅದರ ತಾತ್ಪರ್ಯ. ಹತ್ತು ವರ್ಷಗಳ ಬಳಿಕ, 1970ರ ಗುತ್ತಿಗೆ ಕಾರ್ಮಿಕ (ನಿಯಂತ್ರಣ ಮತ್ತು ರದ್ದತಿ) ಕಾಯ್ದೆಯ ಹತ್ತನೇ ಸೆಕ್ಷನ್‌ಗೆ ಹೆಚ್ಚುಕಡಿಮೆ ಇದೇ ಮಾನದಂಡಗಳು ಬಂದು ಕುಳಿತವು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಎಂದು 21ನೇ ಸೆಕ್ಷನ್ ಹೇಳಿತು. ರಸ್ತೆ ಗುಡಿಸುವುದಕ್ಕಿಂತ ನಿರಂತರವಾದ ಕೆಲಸ ಊರಿನಲ್ಲಿ ಬೇರೊಂದಿದೆಯೇ? ಆದರೂ ಮುಂದಿನ ದಶಕಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಗುತ್ತಿಗೆಗೆ ಹೋದದ್ದು ಇದೇ ಕೆಲಸ.

ಕರ್ನಾಟಕದಲ್ಲಿ ಆ ಕಾಲದ ಗಾಳಿ ಬೇರೆ ದಿಕ್ಕಿನಲ್ಲಿತ್ತು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಅಧ್ಯಕ್ಷತೆಯ ಸಮಿತಿ ಪೌರಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿ, 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರು ಇರಬೇಕೆಂದು ಶಿಫಾರಸು ಮಾಡಿತು. ಆ ವರದಿ ಇಂದಿಗೂ ಕಾರ್ಮಿಕ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಉಳಿದಿದೆ ಎಂಬುದೇ ಅದಕ್ಕೆ ಏನಾಯಿತೆಂದು ಹೇಳುತ್ತದೆ. ಜನಸಂಖ್ಯೆ ಬೆಳೆಯಿತು, ಮಂಜೂರಾದ ಹುದ್ದೆಗಳು ಬೆಳೆಯಲಿಲ್ಲ. ಆ ಅಂತರವನ್ನು ತುಂಬಿದವರು ಗುತ್ತಿಗೆದಾರರು.

ಅದಕ್ಕೆ ಬೇಕಾದ ಆಡಳಿತ ತತ್ವವೂ ಅಷ್ಟರಲ್ಲಿ ಸಿದ್ಧವಾಗಿತ್ತು. ಬ್ರಿಟನ್ನಿನಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರ ಕಾಯ್ದೆಯಲ್ಲಿ ಕಟ್ಟಡ ನಿರ್ಮಾಣ ಹಾಗೂ ನಿರ್ವಹಣೆಯನ್ನೂ, 1988ರ ಕಾಯ್ದೆಯಲ್ಲಿ ಕಸ ಸಂಗ್ರಹ ಮತ್ತು ಬೀದಿ ಸ್ವಚ್ಛತೆಯನ್ನೂ ಕಡ್ಡಾಯ ಸ್ಪರ್ಧಾತ್ಮಕ ಟೆಂಡರ್‌ಗೆ ಒಳಪಡಿಸಿತು. ಸ್ಥಳೀಯ ಸಂಸ್ಥೆ ತನ್ನದೇ ನೌಕರರಿಂದ ಕೆಲಸ ಮಾಡಿಸಬೇಕೆಂದರೂ ಖಾಸಗಿಯವರೊಡನೆ ಸ್ಪರ್ಧಿಸಿ ಗೆಲ್ಲಬೇಕಿತ್ತು. ಗುಣಮಟ್ಟ ಕುಸಿಯುತ್ತದೆ, ಕೂಲಿ ಕುಸಿಯುತ್ತದೆ ಎಂಬ ದೂರುಗಳ ನಡುವೆ ಮುಂದಿನ ಲೇಬರ್ ಸರ್ಕಾರ 1999ರ ಕಾಯ್ದೆಯಿಂದ ಆ ಕಡ್ಡಾಯವನ್ನು ತೆಗೆದುಹಾಕಿತು. ಅಲ್ಲಿ ಇನ್ನೊಂದು ರಕ್ಷಣೆಯೂ ಇತ್ತು. ವ್ಯವಹಾರ ಕೈಬದಲಾದರೆ ನೌಕರರ ಸೇವಾ ಷರತ್ತುಗಳು ಅವರೊಂದಿಗೇ ಹೊಸ ಮಾಲೀಕರ ಬಳಿಗೆ ಹೋಗಬೇಕೆಂಬ ನಿಯಮ 1981ರಲ್ಲೇ ಬಂದು, ಮುಂದೆ ಸಾರ್ವಜನಿಕ ಸೇವೆಗಳ ಗುತ್ತಿಗೆಗೂ ವಿಸ್ತರಿಸಿತು. ನಾವು ಟೆಂಡರನ್ನು ತಂದೆವು, ಈ ರಕ್ಷಣೆಯನ್ನು ತರಲಿಲ್ಲ. ಇಲ್ಲಿ ಗುತ್ತಿಗೆದಾರ ಬದಲಾದರೆ ಹದಿನೈದು ವರ್ಷದಿಂದ ಅದೇ ವಾರ್ಡ್ ಗುಡಿಸಿದವರು ಮತ್ತೆ ಹೊಸಬರು.

ಬೆಂಗಳೂರಿನಲ್ಲಿ ಗುತ್ತಿಗೆ ಬೇರೂರಿದ್ದು 1990ರ ದಶಕದಲ್ಲಿ, ಉದಾರೀಕರಣದ ಬೆನ್ನಲ್ಲೇ. ಕಸದ ಸಮಸ್ಯೆಯೂ ಆಗ ಉಲ್ಬಣಿಸಿತ್ತು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಫಲವಾಗಿ 2000ದಲ್ಲಿ ದೇಶಕ್ಕೆ ನಗರ ಘನತ್ಯಾಜ್ಯ ನಿಯಮಗಳು ಬಂದವು. ಮನೆ ಬಾಗಿಲಲ್ಲೇ ಕಸ ಸಂಗ್ರಹಿಸುವುದು ನಗರಾಡಳಿತದ ಹೊಣೆಯಾಯಿತು. ಹೊಣೆ ಹೆಚ್ಚಿತು, ನೇಮಕಾತಿ ಹೆಚ್ಚಲಿಲ್ಲ. ನಗರವನ್ನು ಪ್ಯಾಕೇಜ್‌ಗಳಾಗಿ ಹಂಚಿ ಗುತ್ತಿಗೆ ಕೊಡಲಾಯಿತು.

ಅದೇ 2000ದ ಅಕ್ಟೋಬರ್‌ನಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಕೆಟಿಪಿಪಿ ಕಾಯ್ದೆ, ಜಾರಿಗೆ ಬಂತು. ಇದು ಒಳ್ಳೆಯ ಕಾಯ್ದೆ. ತಮ್ಮವರಿಗೆ ಕಾಮಗಾರಿ ಹಂಚಿಕೊಳ್ಳುವ ಚಾಳಿಗೆ ಅದು ಕಡಿವಾಣ ಹಾಕಿತು, ಟೆಂಡರನ್ನು ಬಹಿರಂಗಗೊಳಿಸಿತು. ಟೆಂಡರ್ ಕರೆಯದೆ ಕೆಲಸ ಕೊಡಲು ಅವಕಾಶ ನೀಡುವ 4(ಜಿ) ವಿನಾಯಿತಿಯ ಹೆಸರಿನಲ್ಲಿ ಅದನ್ನು ಪಕ್ಕಕ್ಕೆ ಸರಿಸಿದ ಪ್ರಸಂಗಗಳು ವಿಧಾನಸಭೆಯಲ್ಲಿ ಮತ್ತೆ ಮತ್ತೆ ಗದ್ದಲ ಎಬ್ಬಿಸಿವೆ ಎಂದರೆ ಅದಕ್ಕೆ ಹಲ್ಲುಗಳಿವೆ ಎಂದೇ ಅರ್ಥ. ತೊಡಕು ಇರುವುದು ಬೇರೆ ಕಡೆ. ಸರಕು ಕೊಳ್ಳುವುದಕ್ಕೂ ಸೇವೆ ಕೊಳ್ಳುವುದಕ್ಕೂ ಒಂದೇ ತೂಕದ ಕಲ್ಲು: ಅರ್ಹರ ಪೈಕಿ ಅತಿ ಕಡಿಮೆ ದರ ಕೂಗಿದವನು, ಕಚೇರಿಯ ಮಾತಿನಲ್ಲಿ ಎಲ್-1. ಸಿಮೆಂಟ್ ಚೀಲದ ಬೆಲೆ ಇಳಿದರೆ ಬೊಕ್ಕಸಕ್ಕೆ ಲಾಭ. ಆದರೆ ಗುಡಿಸುವ ಸೇವೆಯಲ್ಲಿ ವೆಚ್ಚವೆಂದರೆ ಬಹುಪಾಲು ಕೂಲಿಯೇ. ಅಲ್ಲಿ ದರ ಇಳಿಯಬೇಕಾದರೆ ಯಾರದೋ ಸಂಬಳದಿಂದಲೇ ಇಳಿಯಬೇಕು.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ತಿಂಗಳಿಗೆ 15,000 ರೂಪಾಯಿ ಕೂಲಿಯ 100 ಕಾರ್ಮಿಕರನ್ನು ಒದಗಿಸುವ ಗುತ್ತಿಗೆ ಎಂದುಕೊಳ್ಳಿ. ಮಾಲೀಕರ ಪಾಲಿನ ಭವಿಷ್ಯನಿಧಿ, ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಶೇ 13, ಅಂದರೆ 1,950 ರೂಪಾಯಿ. ಇಎಸ್‌ಐ ಶೇ 3.25, ಅಂದರೆ 487 ರೂಪಾಯಿ 50 ಪೈಸೆ. ಇವೆರಡೂ ಕಾನೂನು ನಿಗದಿ ಮಾಡಿದ ಮೊತ್ತಗಳು, ಕನಿಷ್ಠ ವೇತನವೂ ಹಾಗೆಯೇ. ಗುತ್ತಿಗೆದಾರ ಸ್ಪರ್ಧಿಸಬಹುದಾದದ್ದು ತನ್ನ ಸೇವಾ ಶುಲ್ಕದಲ್ಲಿ ಮಾತ್ರ. ಅದು ಶೇ 1 ಆದರೆ ನೂರು ಜನರಿಗೆ ಸುಮಾರು 17,400 ರೂಪಾಯಿ. ಇಷ್ಟರಲ್ಲಿ ಒಬ್ಬ ಮೇಲ್ವಿಚಾರಕನಿಗೆ ಸಂಬಳ ಕೊಟ್ಟು, ಬಿಲ್ ಮಂಜೂರಾಗುವ ತನಕ ತಿಂಗಳುಗಟ್ಟಲೆ ಕೈಯಿಂದ ಹಣ ಹಾಕಿ, ಲಾಭವನ್ನೂ ಮಾಡಿಕೊಳ್ಳಬೇಕು. ಪ್ರಾಮಾಣಿಕವಾಗಿ ಇದು ಸಾಧ್ಯವಿಲ್ಲ. ಟೆಂಡರ್ ಲಕೋಟೆ ಒಡೆದ ಅಧಿಕಾರಿಗೂ ಅದು ಗೊತ್ತಿರುತ್ತದೆ.

ಈಗ ಲೆಕ್ಕದ ಇನ್ನೊಂದು ಬದಿ. ಕಾರ್ಮಿಕರ ಸಂಬಳದಿಂದ ಭವಿಷ್ಯನಿಧಿಗೆ 1,800, ಇಎಸ್‌ಐಗೆ 112 ರೂಪಾಯಿ 50 ಪೈಸೆ ಮುರಿದುಕೊಳ್ಳಲಾಗುತ್ತದೆ. ಮಾಲೀಕರ ಪಾಲನ್ನೂ ಸೇರಿಸಿದರೆ ತಲೆಗೆ 4,350. ನೂರು ಜನರಿಗೆ ತಿಂಗಳಿಗೆ 4,35,000 ರೂಪಾಯಿ ಗುತ್ತಿಗೆದಾರನ ಕೈದಾಟಿ ಹೋಗುತ್ತದೆ. ಹದಿನೇಳು ಸಾವಿರದ ಶುಲ್ಕಕ್ಕೆ ಒಪ್ಪಿದವನ ಕಣ್ಣು ಎಲ್ಲಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಭವಿಷ್ಯನಿಧಿ ಕಟ್ಟಿಲ್ಲ, ಇಎಸ್‌ಐ ಕಾರ್ಡ್ ಇಲ್ಲ, ಹಾಜರಿ ಪುಸ್ತಕದಲ್ಲಿ ಇಲ್ಲದವರ ಹೆಸರು, ಕೈಗವಸಿಲ್ಲ, ಪೊರಕೆಯನ್ನೂ ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕು. ಗುತ್ತಿಗೆ ಪೌರಕಾರ್ಮಿಕರು ವರ್ಷಾನುಗಟ್ಟಲೆ ಹೇಳಿದ ಈ ದೂರುಗಳನ್ನು ಕೆಲವು ದುಷ್ಟ ಗುತ್ತಿಗೆದಾರರ ಚಾಳಿ ಎಂದು ತಳ್ಳಿಹಾಕಲಾಗದು. ದರಪಟ್ಟಿಯಲ್ಲೇ ಅವಕ್ಕೆ ಜಾಗ ಮಾಡಿಕೊಡಲಾಗಿತ್ತು. ಕೇಂದ್ರ ಹಣಕಾಸು ಸಚಿವಾಲಯ 2014ರಲ್ಲಿ ಶೂನ್ಯ ಸೇವಾ ಶುಲ್ಕ ನಮೂದಿಸಿದ ಬಿಡ್‌ಗಳನ್ನು ತಿರಸ್ಕರಿಸುವಂತೆ ಸೂಚಿಸಬೇಕಾಯಿತು. ಬಿಡ್ಡುದಾರರು ಶೂನ್ಯದ ಪಕ್ಕದ ಅಂಕಿಗೆ ಸರಿದರು. ಕೊನೆಗೆ 2023ರಲ್ಲಿ ಕೇಂದ್ರದ ಖರೀದಿಗಳಿಗೆ ಶೇ 3.85ರ ಕನಿಷ್ಠ ಮಿತಿ ಬಂತು.

ನ್ಯಾಯಾಲಯಗಳ ದಾರಿಯೂ ಈ ನಡುವೆ ಇಕ್ಕಟ್ಟಾಯಿತು. ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ ನೌಕರರಾಗುತ್ತಾರೆ ಎಂದು 1996ರ ಏರ್ ಇಂಡಿಯಾ ತೀರ್ಪು ಹೇಳಿತ್ತು. 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. 2006ರಲ್ಲಿ ಬಂದದ್ದು ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದ ತೀರ್ಪು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರು ಕಾಯಂ ಮಾಡಿ ಎಂದು ಕೇಳಿದ್ದರು. ನಿಯಮಬದ್ಧ ನೇಮಕಾತಿ ಇಲ್ಲದೆ ಕಾಯಮಾತಿ ಹಕ್ಕಲ್ಲ ಎಂದಿತು ಕೋರ್ಟ್. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಬಾರಿಯ ಅವಕಾಶ ಮಾತ್ರ ಉಳಿಯಿತು. ಗುತ್ತಿಗೆ ಪೌರಕಾರ್ಮಿಕರಿಗೆ ಅದೂ ಎಟುಕಲಿಲ್ಲ. ಕಾಗದದ ಮೇಲೆ ಅವರು ಸರ್ಕಾರದ ದಿನಗೂಲಿಗಳೂ ಆಗಿರಲಿಲ್ಲ. ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸಬಾರದು ಎಂದು ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2024ರ ಡಿಸೆಂಬರ್‌ನಲ್ಲಿ, ಅದೂ ಕೇಂದ್ರ ಜಲ ಆಯೋಗದ ಸ್ವಚ್ಛತಾ ಸಿಬ್ಬಂದಿಯ ಪ್ರಕರಣದಲ್ಲಿ.

ಹಾಗಾಗಿ ಬದಲಾವಣೆ ಬಂದದ್ದು ಬೀದಿಯಿಂದ. ಬಹುಪಾಲು ದಲಿತ ಮಹಿಳೆಯರೇ ಇರುವ ಬಿಬಿಎಂಪಿ ಗುತ್ತಿಗೆ ಪೌರಕಾರ್ಮಿಕರ ಸಂಘ ಮತ್ತು ಇತರ ಸಂಘಟನೆಗಳ ಹೋರಾಟದ ಫಲವಾಗಿ, 2017ರಲ್ಲಿ ಬೀದಿ ಗುಡಿಸುವ ಕೆಲಸದಿಂದ ಗುತ್ತಿಗೆದಾರರನ್ನು ಕೈಬಿಟ್ಟು ಪಾಲಿಕೆಯೇ ನೇರ ವೇತನ ಪಾವತಿಸುವ ತೀರ್ಮಾನವಾಯಿತು. ಬಯೊಮೆಟ್ರಿಕ್ ಹಾಜರಿ ಬಂದಾಗ ಪಟ್ಟಿಯಲ್ಲಿದ್ದವರಿಗೂ ರಸ್ತೆಯಲ್ಲಿದ್ದವರಿಗೂ ತಾಳೆಯಾಗಲಿಲ್ಲ. ಆ ಗೊಂದಲದಲ್ಲಿ ನಿಜವಾಗಿ ದುಡಿದವರ ಸಂಬಳವೂ ನಿಂತಿತು. 2018ರ ಜುಲೈನಲ್ಲಿ ತಿಂಗಳುಗಟ್ಟಲೆ ವೇತನ ಸಿಗದ ಪೌರಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು. ಮೂಲ ಮಾಲೀಕರೇ ವೇತನಕ್ಕೆ ಹೊಣೆ ಎಂಬ ಮಾತು ಆಗಲೇ ಅರ್ಧ ಶತಮಾನದಷ್ಟು ಹಳೆಯ ಕಾನೂನು. 2022ರ ಜುಲೈ ಆರಂಭದಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಮುಷ್ಕರ ನಡೆಯಿತು. ಬಸವರಾಜ ಬೊಮ್ಮಾಯಿ ಸರ್ಕಾರ ಕಾಯಮಾತಿಯ ಭರವಸೆ ನೀಡಿತು. ಆ ಸರಣಿಯ ಫಲವೇ 2025ರ ಮೇ 1ರ ಪತ್ರಗಳು.

ಚಾಲಕರು, ಸಹಾಯಕರು ಉಳಿದುಹೋದದ್ದು ಅವರ ಕೆಲಸ ಟೆಂಡರ್‌ನಲ್ಲಿ ವಾಹನದೊಂದಿಗೆ ಸೇರಿಕೊಂಡಿದ್ದರಿಂದ. ಪಾಲಿಕೆ ಆಟೊ, ಕಾಂಪ್ಯಾಕ್ಟರ್ ಲಾರಿಗಳ ಸೇವೆ ಕೊಳ್ಳುತ್ತಿತ್ತು, ಡೀಸೆಲ್‌ನಂತೆ ಮನುಷ್ಯನೂ ಆ ಬೆಲೆಯೊಳಗೆ ಅಡಕವಾಗುತ್ತಿದ್ದ. ಕಸದ ಹೊಣೆ 2021ರಲ್ಲಿ ಸ್ಥಾಪನೆಯಾದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತಕ್ಕೆ ಹೋದಾಗಲೂ ಪ್ಯಾಕೇಜ್ ಟೆಂಡರ್‌ನ ಚೌಕಟ್ಟು ಹಾಗೆಯೇ ಉಳಿಯಿತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1970ರ ಕಾಯ್ದೆ ಅವುಗಳಲ್ಲಿ ಲೀನವಾಯಿತು. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆ ಈಗ 50 ಮಂದಿ ಇದ್ದರೆ ಮಾತ್ರ. ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ನಿಷಿದ್ಧ ಎನ್ನುವ ಸಂಹಿತೆ, ಕಸ ಸಂಗ್ರಹ ಮತ್ತು ವಿಲೇವಾರಿಯನ್ನು ಮುಖ್ಯ ಚಟುವಟಿಕೆಯಿಂದ ಹೊರಗಿಟ್ಟಿದೆ, ಸಂಸ್ಥೆ ಅದೇ ಕೆಲಸಕ್ಕಾಗಿ ಸ್ಥಾಪನೆಯಾಗಿದ್ದರೆ ಮಾತ್ರ ಮಾತು ಬೇರೆ. ಘನತ್ಯಾಜ್ಯ ನಿಯಮಿತ ಹುಟ್ಟಿದ್ದೇ ಕಸಕ್ಕಾಗಿ. ಹಾಗಾಗಿ ಆಟೊ ಚಾಲಕರು, ಸಹಾಯಕರು ಈ ಅಕ್ಷರಗಳನ್ನು ಹಿಡಿದು ವಾದಿಸಲು ಬಲವಾದ ಆಧಾರವಿದೆ. ಆದರೆ ಅದೇ ಸಂಹಿತೆಯಲ್ಲಿ ಒಂದು ವಿನಾಯಿತಿಯೂ ಇದೆ: ಆ ಕೆಲಸ ವಾಡಿಕೆಯಲ್ಲಿ ಗುತ್ತಿಗೆದಾರರ ಮೂಲಕವೇ ನಡೆಯುತ್ತಿದ್ದರೆ ನಿಷೇಧ ತಟ್ಟುವುದಿಲ್ಲ. ಮೂರು ದಶಕಗಳಿಂದ ಹೀಗೇ ನಡೆದು ಬಂದಿದೆ ಎಂಬ ಮಾತನ್ನು ನ್ಯಾಯಾಲಯದಲ್ಲಿ ಸಮರ್ಥನೆಯಾಗಿ ಮಂಡಿಸಲು ಅದು ಸಾಕು.