ಏರ್ ಫ್ಲೋ ಸೆನ್ಸರಿನ ಲೆಕ್ಕವನ್ನು ಲಾಗ್ ನೋಡಿ ನಾನೇ ತಿದ್ದಿಕೊಳ್ಳಬಹುದೇ?

ಪ್ರಶ್ನೆ: ನನ್ನದು 2014ರ 1.8 ಲೀಟರ್ ಪೆಟ್ರೋಲ್ ಸೆಡಾನ್. ಕಂಪನಿಯ ಫಿಲ್ಟರ್ ಡಬ್ಬಿ ತೆಗೆಸಿ, ಅಗಲವಾದ ಇಂಟೇಕ್ ಪೈಪನ್ನೂ ತೆರೆದ ಫಿಲ್ಟರನ್ನೂ ಹಾಕಿಸಿದ್ದೇನೆ. ಹಳೆಯ ಏರ್ ಫ್ಲೋ ಸೆನ್ಸರನ್ನೇ ಹೊಸ ಪೈಪಿಗೆ ಕೂರಿಸಿದ್ದಾರೆ. ಚೆಕ್ ಎಂಜಿನ್ ದೀಪ ಹತ್ತಿಲ್ಲ, ಆದರೆ ಫ್ಯುಯಲ್ ಟ್ರಿಮ್ (ಪೆಟ್ರೋಲಿನ ಲೆಕ್ಕಕ್ಕೆ ಎಂಜಿನ್ ಕಂಪ್ಯೂಟರ್ ಮಾಡಿಕೊಳ್ಳುವ ತಿದ್ದುಪಡಿ) ಶೇ. 17ರ ಆಸುಪಾಸು ನಿಂತಿದೆ. ಹಾಕಿಕೊಟ್ಟವರು ಸೆನ್ಸರ್ ಹೋಗಿದೆ, ಬದಲಿಸಿ ಎನ್ನುತ್ತಾರೆ. ಲಾಗಿಂಗ್ ಸಾಫ್ಟ್‌ವೇರ್ ಬಳಸಿ ನಾನೇ ಕ್ಯಾಲಿಬ್ರೇಟ್ ಮಾಡಬಹುದೇ? — ಬೆಳಗಾವಿಯ ಓದುಗರೊಬ್ಬರು

ಉತ್ತರ: ಮಾಡಬಹುದು, ಹೊಸ ಸೆನ್ಸರ್ ಬೇಕಾಗಿಲ್ಲ. ಆದರೆ ಆ 17ನ್ನು ಇದ್ದಂತೆಯೇ ಎತ್ತಿ ಸೆನ್ಸರಿನ ಕೋಷ್ಟಕಕ್ಕೆ ಬರೆಯಬೇಡಿ. ಒಟ್ಟು ಎಷ್ಟು ವ್ಯತ್ಯಾಸವಿದೆ ಎಂಬುದನ್ನಷ್ಟೇ ಟ್ರಿಮ್ ಹೇಳುತ್ತದೆ. ಅದರಲ್ಲಿ ಸೆನ್ಸರಿನ ಪಾಲೆಷ್ಟು, ಪೆಟ್ರೋಲಿನ ಪಾಲೆಷ್ಟು, ಎಲ್ಲೋ ಸಡಿಲವಾದ ಕ್ಲಾಂಪಿನ ಪಾಲೆಷ್ಟು ಎಂಬುದನ್ನು ನಾವೇ ಬಿಡಿಸಿಕೊಳ್ಳಬೇಕು. ಕ್ಯಾಲಿಬ್ರೇಷನ್ ಎಂಬ ಕೆಲಸದ ಮುಕ್ಕಾಲು ಪಾಲು ಇದೇ.

ಸೆನ್ಸರಿನೊಳಗೆ ಒಂದು ತೆಳು ತಂತಿ ಅಥವಾ ಫಿಲ್ಮ್ ಇರುತ್ತದೆ. ಅದನ್ನು ಒಳಬರುವ ಗಾಳಿಗಿಂತ ಇಂತಿಷ್ಟು ಡಿಗ್ರಿ ಹೆಚ್ಚು ಬಿಸಿಯಲ್ಲಿ ಇರಿಸಲು ಕರೆಂಟ್ ಹರಿಸಲಾಗುತ್ತದೆ. ಗಾಳಿ ಹೆಚ್ಚು ಹರಿದಷ್ಟೂ ತಂತಿ ಹೆಚ್ಚು ತಣಿಯುತ್ತದೆ, ಬಿಸಿ ಉಳಿಸಲು ಹೆಚ್ಚು ಕರೆಂಟ್ ಬೇಕಾಗುತ್ತದೆ, ಆ ಕರೆಂಟೇ ವೋಲ್ಟೇಜ್ ಆಗಿ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರಿಗೆ, ತಲುಪುತ್ತದೆ. ಕೆಲವು ಸೆನ್ಸರುಗಳಲ್ಲಿ ವೋಲ್ಟೇಜಿನ ಬದಲು ಫ್ರೀಕ್ವೆನ್ಸಿ ಇರುತ್ತದೆ. ಇಂತಿಷ್ಟು ವೋಲ್ಟೇಜ್ ಬಂದರೆ ಸೆಕೆಂಡಿಗೆ ಇಂತಿಷ್ಟು ಗ್ರಾಂ ಗಾಳಿ ಎಂಬ ಕೋಷ್ಟಕ ಇಸಿಯುನಲ್ಲಿ ಮೊದಲೇ ಬರೆದಿರುತ್ತದೆ. ಅದು ಸರಳ ರೇಖೆಯಲ್ಲ. ಮೇಲೆ ಹೋದಂತೆ ಕಡಿದಾಗಿ ಏರುವ ವಕ್ರರೇಖೆ.

ಆ ತಂತಿ ಪೈಪಿನಲ್ಲಿ ಹರಿಯುವ ಗಾಳಿಯನ್ನೆಲ್ಲ ಅಳೆಯುವುದಿಲ್ಲ. ತನ್ನ ಪುಟ್ಟ ಕಿಂಡಿಯ ಮೂಲಕ ಹಾದುಹೋಗುವ ಒಂದು ಪಾಲನ್ನು ಅಳೆದು, ಪೈಪಿನ ಅಗಲ ಕಂಪನಿಯವರು ಇಟ್ಟಷ್ಟೇ ಇದೆ ಎಂಬ ನಂಬಿಕೆಯ ಮೇಲೆ ಉಳಿದುದರ ಲೆಕ್ಕ ನಡೆಯುತ್ತದೆ. ಪೈಪ್ ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಹೇಳುತ್ತದೆ, ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತದೆ, ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಮಿಶ್ರಣ ತೆಳುವಾಗಿದೆ ಎಂದು ದೂರುತ್ತದೆ, ಟ್ರಿಮ್ ಮೇಲೇರುತ್ತದೆ. ಓದುಗರಿಗೆ ಎರಡೂ ಪೈಪುಗಳ ಒಳವ್ಯಾಸವನ್ನು ಸೆನ್ಸರ್ ಕೂರುವ ಜಾಗದಲ್ಲೇ ವರ್ನಿಯರ್ ಹಿಡಿದು ಅಳೆಯಲು ಹೇಳಿದ್ದೆ. ಹಳೆಯದು 63 ಮಿಲಿಮೀಟರ್, ಹೊಸದು 67. ನಾಲ್ಕೇ ಮಿಲಿಮೀಟರ್ ಎನಿಸಬಹುದು. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 67ರ ವರ್ಗ 4489, 63ರ ವರ್ಗ 3969, ಭಾಗಿಸಿದರೆ 1.13. ಅಂದರೆ ಪೈಪಿನ ಪಾಲು ಶೇ. 13. ಉಳಿದ ನಾಲ್ಕು ಎಲ್ಲಿಂದ ಬಂತು?

ಅದಕ್ಕೆ ಮೊದಲು ಮಾಡಬೇಕಾದ ಸಣ್ಣ ಕೆಲಸಗಳಿವೆ. ಸೆನ್ಸರಿನಿಂದ ಥ್ರಾಟಲ್ ಬಾಡಿಯವರೆಗಿನ ಪ್ರತಿ ಕ್ಲಾಂಪ್, ಪ್ರತಿ ವ್ಯಾಕ್ಯೂಮ್ ಪೈಪ್ ನೋಡಿ. ಸೆನ್ಸರನ್ನು ದಾಟಿದ ಮೇಲೆ ನುಸುಳುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಸೆನ್ಸರ್ ಹಿಂದುಮುಂದಾಗಿ ಕೂತಿಲ್ಲವೆಂದು ಅದರ ಮೇಲಿನ ಬಾಣದ ಗುರುತಿನಿಂದ ಖಚಿತಪಡಿಸಿಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಓಡಾಡುವ ನಮ್ಮ ಭಾಗದ ಗಾಡಿಗಳಲ್ಲಿ ತಂತಿಯ ಮೇಲೆ ಧೂಳು ಕೂರುವುದು ಸಾಮಾನ್ಯ. ಎಣ್ಣೆ ಹಚ್ಚುವ ಬಗೆಯ ತೆರೆದ ಫಿಲ್ಟರಿನಲ್ಲಿ ಎಣ್ಣೆ ಹೆಚ್ಚಾಗಿದ್ದರೆ ಆ ಧೂಳು ತಂತಿಗೆ ಅಂಟಿಯೇ ಬಿಡುತ್ತದೆ. ಇಗ್ನಿಷನ್ ಬಂದ್ ಮಾಡಿ, ಸೆನ್ಸರ್ ಬಿಚ್ಚಿ, ಏರ್ ಫ್ಲೋ ಸೆನ್ಸರಿಗೆಂದೇ ಸಿಗುವ ಸ್ಪ್ರೇಯಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಕಾರ್ಬುರೇಟರ್ ಕ್ಲೀನರ್ ಬೇಡ. ಬ್ರಷ್, ಬಟ್ಟೆ, ಬೆರಳು ಯಾವುದೂ ತಂತಿಗೆ ತಾಗಬಾರದು.

ಇನ್ನು ಲಾಗ್. ಒಬಿಡಿ ಸಾಕೆಟ್ಟಿಗೆ (ಗಾಡಿಯ ದೋಷ ತಪಾಸಣೆಗೆಂದು ಇರುವ ಸಾಕೆಟ್) ಚುಚ್ಚುವ ಒಳ್ಳೆಯ ಅಡಾಪ್ಟರ್, ಟಾರ್ಕ್‌ನಂಥ ಆ್ಯಪ್ ಅಥವಾ ಲ್ಯಾಪ್‌ಟಾಪಿನ ಲಾಗಿಂಗ್ ಸಾಫ್ಟ್‌ವೇರ್ ಇದ್ದರೆ ಆಯಿತು. ತೆರೆಯ ಮೇಲೆ ಕಾಣುವುದನ್ನೆಲ್ಲ ಆರಿಸುವುದು ಹೊಸಬರ ತಪ್ಪು. ಅಡಾಪ್ಟರ್ ಒಂದೊಂದೇ ಅಂಕಿಯನ್ನು ಸರದಿಯಂತೆ ಇಸಿಯುಗೆ ಕೇಳುತ್ತದೆ. ಇಪ್ಪತ್ತು ಅಂಕಿ ಕೇಳಿದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಎಂಜಿನ್ನಿನ ಸ್ಥಿತಿಯೇ ಬದಲಾಗಿರುತ್ತದೆ. ಆರ್‌ಪಿಎಂ, ಗಾಳಿಯ ಹರಿವು, ಅಲ್ಪಾವಧಿ ಟ್ರಿಮ್ (ಆ ಕ್ಷಣದ ತಿದ್ದುಪಡಿ), ದೀರ್ಘಾವಧಿ ಟ್ರಿಮ್ (ಇಸಿಯು ಕಲಿತು ಉಳಿಸಿಕೊಂಡ ತಿದ್ದುಪಡಿ), ಥ್ರಾಟಲ್, ಕೂಲೆಂಟ್ ತಾಪ, ಒಳಗಾಳಿಯ ತಾಪ, ಕ್ಲೋಸ್ಡ್ ಲೂಪ್ ಸ್ಥಿತಿ (ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ತಿದ್ದಿಕೊಳ್ಳುತ್ತಿದೆಯೇ ಎಂಬುದು) ಇಷ್ಟು ಸಾಕು. ಸಾಮಾನ್ಯ ಒಬಿಡಿಯಲ್ಲಿ ಸೆನ್ಸರಿನ ವೋಲ್ಟೇಜ್ ಸಿಗುವುದಿಲ್ಲ, ಗ್ರಾಂ ಲೆಕ್ಕ ಮಾತ್ರ ಸಿಗುತ್ತದೆ. ಆ ಗ್ರಾಂಗೆ ಯಾವ ವೋಲ್ಟೇಜ್ ಎಂಬುದನ್ನು ಇಸಿಯು ಕೋಷ್ಟಕದಿಂದ ಹಿಂದಕ್ಕೆ ನೋಡಿ ತಿಳಿಯಬಹುದು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಶುರು ಮಾಡಿ. ಕಿತ್ತೂರಿನ ಕಡೆಗೆ ಹೋಗುವ ಹೆದ್ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ಒಂದೇ ವೇಗ, ಒಂದೇ ಗೇರ್, ಆಕ್ಸಿಲರೇಟರ್ ಅಲುಗದಂತೆ ಒಂದೆರಡು ನಿಮಿಷ, ಆಮೇಲೆ ಮುಂದಿನ ವೇಗ. ಹೆಚ್ಚು ಲೋಡಿನ ಅಂಕಿಗಳಿಗೆ ವಂಟಮುರಿ ಘಾಟಿನ ಏರು ಒಳ್ಳೆಯದು. ಫೋನ್ ಅಥವಾ ಲ್ಯಾಪ್‌ಟಾಪ್ ನೋಡುವವರು ಪಕ್ಕದ ಸೀಟಿನಲ್ಲಿರಬೇಕು, ಓಡಿಸುವವರು ರಸ್ತೆಯನ್ನೇ ನೋಡಬೇಕು.

ಮನೆಗೆ ಬಂದು ಲಾಗನ್ನು ಎಕ್ಸೆಲ್‌ನಲ್ಲಿ ತೆರೆದಾಗ ಮೊದಲು ಅಳಿಸುವ ಕೆಲಸ. ಕೂಲೆಂಟ್ 80 ಡಿಗ್ರಿಗಿಂತ ಕೆಳಗಿರುವ ಸಾಲುಗಳು, ಓಪನ್ ಲೂಪಿನ (ಹಾಗೆ ತಿದ್ದಿಕೊಳ್ಳದ ಸ್ಥಿತಿಯ) ಸಾಲುಗಳು, ಕಾಲು ತೆಗೆದಾಗ ಪೆಟ್ರೋಲ್ ನಿಲ್ಲುವ ಸಾಲುಗಳು, ಥ್ರಾಟಲ್ ಥಟ್ಟನೆ ಬದಲಾದ ಸಾಲುಗಳು ಎಲ್ಲವೂ ಹೋಗಬೇಕು. ಈ ಕೊನೆಯದು ಏಕೆಂದರೆ, ಈಗ ಸುಟ್ಟ ಮಿಶ್ರಣದ ಸುದ್ದಿ ಆಕ್ಸಿಜನ್ ಸೆನ್ಸರಿಗೆ ತುಸು ತಡವಾಗಿ ಮುಟ್ಟುತ್ತದೆ. ಗಾಳಿ ಈ ಕ್ಷಣದ್ದು, ಟ್ರಿಮ್ ಹಿಂದಿನ ಕ್ಷಣದ್ದು ಆಗಿಬಿಡುತ್ತದೆ. ಅರ್ಧಕ್ಕರ್ಧ ಸಾಲುಗಳು ಹೋದರೂ ಬೇಸರ ಬೇಡ. ಉಳಿದವನ್ನು ಹರಿವಿಗೆ ತಕ್ಕಂತೆ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಎರಡೂ ಟ್ರಿಮ್‌ಗಳ ಮೊತ್ತದ ಸರಾಸರಿ ತೆಗೆಯಿರಿ. ಸರಾಸರಿ 13 ಬಂದರೆ ಗುಣಕ 1.13, ಹಳೆಯ ಕೋಷ್ಟಕದ ಆ ಜಾಗದ ಗ್ರಾಂ ಅಂಕಿಯನ್ನು ಅದರಿಂದ ಗುಣಿಸಿದರೆ ಹೊಸ ಅಂಕಿ.

ಗುಣಿಸುವ ಮೊದಲು ಆ ಸರಾಸರಿಗಳ ನಕ್ಷೆ ಹಾಕಿ ಅದರ ಆಕಾರ ನೋಡಬೇಕು. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತ್ಯಂತ ರುಚಿಕಟ್ಟಾದ ಗಳಿಗೆ ಇದೇ. ಐಡ್ಲಿಂಗಿನಲ್ಲಿ 18 ಇದ್ದು ಹೆದ್ದಾರಿಯಲ್ಲಿ 3ಕ್ಕೆ ಇಳಿದರೆ ಅದು ಏರ್ ಲೀಕ್. ಸೋರುವ ಗಾಳಿ ಒಟ್ಟು ಹರಿವು ಸಣ್ಣದಿದ್ದಾಗ ಮಾತ್ರ ದೊಡ್ಡದಾಗಿ ಕಾಣುತ್ತದೆ. ಐಡ್ಲಿಂಗಿನಲ್ಲಿ ಸೊನ್ನೆಗಿಂತ ಕೆಳಗಿದ್ದು ಲೋಡಿನಲ್ಲಿ ಏರುತ್ತ ಹೋದರೆ ತಂತಿ ಕೊಳೆಯಾಗಿರುವ ಸಂಭವ ಹೆಚ್ಚು. ಲೋಡಿನಲ್ಲಿ ಮಾತ್ರ ಏರಿದರೆ ಫ್ಯುಯಲ್ ಪಂಪು, ಫ್ಯುಯಲ್ ಫಿಲ್ಟರುಗಳ ಕಡೆಗೂ ನೋಡಿ. ಕೆಳಗಿನಿಂದ ಮೇಲಿನವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹರಡಿದ್ದರೆ ಪೈಪಿನ ಅಳತೆ ಅಥವಾ ಇಂಧನ. ಈ ಓದುಗರ ನಕ್ಷೆ ಐಡ್ಲಿಂಗಿನಲ್ಲಿ 16, ಏರಿನಲ್ಲಿ 18, ನಡುವೆಲ್ಲ 17, ಚಪ್ಪಟೆ.

ಅವರ ಬಳಿ ಹಳೆಯ ಪೈಪ್ ಇದ್ದಾಗಿನ ಒಂದು ಲಾಗೂ ಫೋನಿನಲ್ಲಿ ಉಳಿದಿತ್ತು. ಅದರಲ್ಲಿಯೂ ಎಲ್ಲ ಗುಂಪುಗಳಲ್ಲಿ ಶೇ. 4 ಹತ್ತಿರ ಟ್ರಿಮ್ ಇದೆ. ಬಂಕಿನಲ್ಲಿ ಈಗ ಸಿಗುವ ಇ20 (ಶೇ. 20 ಎಥೆನಾಲ್ ಬೆರೆತ) ಪೆಟ್ರೋಲಿನದೇ ಈ ಪಾಲು ಎಂದು ನನ್ನ ಲೆಕ್ಕ. ಎಥೆನಾಲ್ ಬೆರೆಯದ ಪೆಟ್ರೋಲ್ ಒಂದು ಭಾಗಕ್ಕೆ ಗಾಳಿ 14.7 ಭಾಗ ಬೇಕು. ಇ10ಕ್ಕೆ ಅದು 14.1ರ ಸಮೀಪ, ಇ20ಕ್ಕೆ 13.5ರ ಸಮೀಪ. ಇ10ಕ್ಕೆ ಹೊಂದಿಸಿದ ಇಸಿಯುಗೆ ಇ20 ಕುಡಿಸಿದರೆ ಗಾಳಿಯ ಲೆಕ್ಕ ಸರಿಯಿದ್ದರೂ ಸುಮಾರು ನಾಲ್ಕು ಶೇಕಡಾ ಹೆಚ್ಚು ಪೆಟ್ರೋಲ್ ಕೊಡಬೇಕಾಗುತ್ತದೆ. 1.13ನ್ನು 1.04ರಿಂದ ಗುಣಿಸಿ ನೋಡಿ, 1.175. ಅವರ 17 ಎಲ್ಲಿಂದ ಬಂತು ಎಂಬುದು ಇಲ್ಲಿಗೆ ಬಿಡಿಸಿದಂತಾಯಿತು.

ಹೇಗಾದರೂ ಟ್ರಿಮ್ ಸೊನ್ನೆಗೆ ಬಂದರಾಯಿತಲ್ಲ, ಪೂರ್ತಿ 17ನ್ನೂ ಗಾಳಿಯ ಕೋಷ್ಟಕಕ್ಕೇ ಹಾಕಿದರೇನು ಎಂದು ಕೇಳುವವರಿದ್ದಾರೆ. ಗಾಳಿಯ ಅಂಕಿಯಿಂದ ಇಸಿಯು ಪೆಟ್ರೋಲನ್ನಷ್ಟೇ ಲೆಕ್ಕ ಹಾಕುವುದಿಲ್ಲ. ಎಂಜಿನ್ನಿನ ಮೇಲೆ ಎಷ್ಟು ಲೋಡ್ ಇದೆ ಎಂಬುದನ್ನೂ ಅದರಿಂದಲೇ ತಿಳಿದು ಇಗ್ನಿಷನ್ ಟೈಮಿಂಗ್ ಆರಿಸುತ್ತದೆ. ಗಾಳಿ ಇರುವುದಕ್ಕಿಂತ ಹೆಚ್ಚು ತೋರಿಸಿದರೆ ಸ್ಪಾರ್ಕ್ ಹಿಂದಕ್ಕೆ ಸರಿದು ಪಿಕಪ್ ಮಂದವಾಗುತ್ತದೆ. ಕಡಿಮೆ ತೋರಿಸಿದರೆ ಇನ್ನೂ ಕೆಟ್ಟದ್ದು: ಲೋಡ್ ಹಗುರ ಎಂದುಕೊಂಡು ಇಸಿಯು ಸ್ಪಾರ್ಕನ್ನು ಮುಂದಕ್ಕೆ ತರುತ್ತದೆ, ಎಂಜಿನ್ ನಾಕ್ ಆಗುತ್ತದೆ (ಮಿಶ್ರಣ ತಾನಾಗಿಯೇ ಸಿಡಿದು ಬಡಿತ ಕೇಳಿಸುತ್ತದೆ). ಆದ್ದರಿಂದ 13 ಗಾಳಿಯ ಕೋಷ್ಟಕಕ್ಕೆ, 4 ಇಂಜೆಕ್ಟರ್ ಅಥವಾ ಇಂಧನದ ಗುಣಾಂಕಕ್ಕೆ ಹೋಗಬೇಕು. ಸುಮ್ಮನೆ ವೋಲ್ಟೇಜ್ ತಿರುಚಿ ಕೊಡುವ ಅಗ್ಗದ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವನ್ನು ನಾನು ನನ್ನ ಗಾಡಿಗಂತೂ ಹಾಕುವುದಿಲ್ಲ.

ಎತ್ತರದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನೂ ಹಲವರು ಕೇಳುತ್ತಾರೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಚೋರ್ಲಾ ಘಾಟ್ ಇಳಿದು ಗೋವಾ ತಲುಪುವಷ್ಟರಲ್ಲಿ, ತಾಪ ಅಷ್ಟೇ ಇದ್ದರೆ, ಅದೇ ಎಂಜಿನ್ ಅದೇ ಆರ್‌ಪಿಎಂನಲ್ಲಿ ಎಳೆಯಬಲ್ಲ ಗಾಳಿಯ ತೂಕ ಶೇ. 9ರಷ್ಟು ಹೆಚ್ಚುತ್ತದೆ. 6000 ಆರ್‌ಪಿಎಂನಲ್ಲಿ ಈ 1.8 ಲೀಟರ್ ಎಂಜಿನ್, ಸಿಲಿಂಡರ್ ಶೇ. 85 ತುಂಬುತ್ತದೆಂದು ಹಿಡಿದರೆ, ಇಲ್ಲಿ ಸೆಕೆಂಡಿಗೆ 81 ಗ್ರಾಂ, ಅಲ್ಲಿ 89 ಗ್ರಾಂ. ಅಂಕಿ ಬದಲಾಯಿತೆಂದು ಸೆನ್ಸರನ್ನು ಅನುಮಾನಿಸಬೇಕಿಲ್ಲ. ಅದು ಅಳೆಯುವುದೇ ಗಾಳಿಯ ತೂಕವನ್ನು. ಟ್ರಿಮ್ ಎರಡೂ ಕಡೆ ಒಂದೇ ಇದ್ದರೆ ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ.

ಫುಲ್ ಥ್ರಾಟಲಿನ ಅಂಕಿಗಳನ್ನು ಟ್ರಿಮ್ ನೋಡಿ ತಿದ್ದಲಾಗದು, ಏಕೆಂದರೆ ಆಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು ಬೇಕೆಂದೇ ಮಿಶ್ರಣವನ್ನು ದಟ್ಟವಾಗಿಸುತ್ತದೆ. ಅಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ (ಮಿಶ್ರಣ ಎಷ್ಟು ದಟ್ಟವೆಂದು ಅಂಕಿಯಲ್ಲಿ ಹೇಳುವ ಆಕ್ಸಿಜನ್ ಸೆನ್ಸರ್) ಬೇಕು. ಇಸಿಯು ಬಯಸಿದ ಲ್ಯಾಂಬ್ಡಾ (ಇರುವ ಗಾಳಿ-ಪೆಟ್ರೋಲ್ ಅನುಪಾತವನ್ನು ಸರಿಯಾದ ಅನುಪಾತದಿಂದ ಭಾಗಿಸಿದ ಅಂಕಿ) 0.86 ಇದ್ದು ಅಳೆದದ್ದು 0.90 ಬಂದರೆ ಭಾಗಿಸಿ ಗುಣಕ 1.047, ಅನೇಕ ಇಸಿಯುಗಳು ದೀರ್ಘಾವಧಿ ಟ್ರಿಮ್ಮನ್ನು ಅಲ್ಲಿಯೂ ಸೇರಿಸುವುದರಿಂದ ಅದನ್ನೂ ಗುಣಿಸಿಕೊಳ್ಳಬೇಕು. ಇದನ್ನು ರಸ್ತೆಯ ಮೇಲಿಗಿಂತ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಇರುವಲ್ಲಿ ಮಾಡಿಸುವುದೇ ಮೇಲು.

ಡೀಸೆಲ್ ಗಾಡಿಯವರಿಗೆ ಈ ವಿಧಾನ ಹೊಂದುವುದಿಲ್ಲ. ಅಲ್ಲಿ ಸೆನ್ಸರಿನ ಮುಖ್ಯ ಕೆಲಸ ಇಜಿಆರ್ (ಸುಟ್ಟ ಅನಿಲದ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಡುವ ವ್ಯವಸ್ಥೆ) ಮತ್ತು ಹೊಗೆಯ ಮಿತಿ ನೋಡಿಕೊಳ್ಳುವುದು. ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಅನೇಕವಕ್ಕೆ ಏರ್ ಫ್ಲೋ ಸೆನ್ಸರೇ ಇರುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ಅಳೆದು ಲೆಕ್ಕ ನಡೆಯುತ್ತದೆ. ವಾರಂಟಿ ಇರುವ ಗಾಡಿಯಾದರೆ ಇಸಿಯು ಮುಟ್ಟಿದ ಮೇಲೆ ಅದನ್ನು ಮರೆತುಬಿಡಬೇಕಾದೀತು.

ಕೋಷ್ಟಕ ಬರೆಯುವವರು ಮೂಲ ಫೈಲನ್ನು ಎರಡು ಕಡೆ ಉಳಿಸಿಕೊಳ್ಳಲಿ. ಲಾಗಿನಲ್ಲಿ ಸಿಗದ ಜಾಗಗಳಿಗೆ ಅಕ್ಕಪಕ್ಕದ ಗುಣಕವನ್ನೇ ಹಾಕಿ, ರೇಖೆಯಲ್ಲಿ ಎಲ್ಲಿಯೂ ಗುಡ್ಡ ಹಳ್ಳ ಬರದಂತೆ ನಯಗೊಳಿಸಲಿ. ಬರೆದಾದ ಮೇಲೆ ಕಲಿತ ಟ್ರಿಮ್‌ಗಳನ್ನು ಅಳಿಸಿ, ಇಸಿಯುಗೆ ಹೊಸದಾಗಿ ಕಲಿಯಲು ಕೆಲವು ದಿನ ಬಿಟ್ಟು, ಅದೇ ರಸ್ತೆಯಲ್ಲಿ ಮತ್ತೆ ಲಾಗ್ ಹಿಡಿಯಬೇಕು. ಎಲ್ಲ ಗುಂಪುಗಳೂ ಸೊನ್ನೆಯ ಆಚೀಚೆ 3ರೊಳಗೆ ಬಂದರೆ ಅಲ್ಲಿಗೆ ಕೈ ತೆಗೆಯಿರಿ. ಐಡ್ಲಿಂಗಿನ ಗುಂಪೊಂದೇ ಹಟ ಹಿಡಿದರೆ ಕೋಷ್ಟಕವನ್ನು ಮತ್ತೆ ತೆರೆಯುವ ಮೊದಲು ಬಾನೆಟ್ ತೆರೆದು ಕ್ಲಾಂಪುಗಳನ್ನು ಇನ್ನೊಮ್ಮೆ ನೋಡಿ.